ಭಾತಂಬ್ರಾದಲ್ಲಿ ಬಲ್ಬು ಕಟ್ಟಿದವರು

ಈ ಕಥೆ ಹೇಳುವುದಕ್ಕೆ ಮೊದಲು ನಾನು ಮೂವರ ಕ್ಷಮೆ ಕೇಳಬೇಕು. ಒಬ್ಬರು ಗೋರಖನಾಥರು, ಯಾಕೆಂದರೆ ಇದು ಅವರ ಮನೆಯ ವಿಷಯ. ಇನ್ನೊಬ್ಬರು ಅವರ ಹೆಂಡತಿ ಸುಮನಬಾಯಿ, ಯಾಕೆಂದರೆ ಬರೆಯಲೇ ಎಂದು ಅವರನ್ನು ಕೇಳಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಮೂರನೆಯವರು ಫೋಟೋ ತೊಳೆಯುವ ಕೆಲಸ ಬಲ್ಲವರು. ಡಾರ್ಕ್ ರೂಮಿನ ಒಳಗೆ ನಾನು ಜೀವನದಲ್ಲಿ ಒಂದೇ ಸಲ ಕಾಲಿಟ್ಟಿದ್ದೇನೆ. ಆ ಸಲವೂ ಬಾಗಿಲು ತಟ್ಟದೆ ಹೋಗಿ, ಒಂದು ಡಜನ್ ಕಾಗದ ಹಾಳುಮಾಡಿ ಬಂದೆ. ಅಂಥವನು ಈ ಕಥೆಗೆ ಕೈಹಾಕುವುದು ತಪ್ಪೇ. ಆದರೆ ಬೀದರಿನ ನಮ್ಮ ಗಲ್ಲಿಯಲ್ಲಿ ಈಗ ಇದನ್ನು ಆರು ಥರ ಹೇಳುತ್ತಾರೆ, ಒಂದರಲ್ಲಿ ಪೊಲೀಸರೂ ಬರುತ್ತಾರೆ. ಪೊಲೀಸರು ಬಂದಿರಲಿಲ್ಲ. ಅಷ್ಟನ್ನಾದರೂ ಸರಿಪಡಿಸೋಣ ಎಂದು ಬರೆಯುತ್ತಿದ್ದೇನೆ.

ಗೋರಖನಾಥರು ಸರ್ವೇ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಭೂಮಿ ಅಳೆದವರು. ಬೀದರ, ಭಾಲ್ಕಿ, ಔರಾದ ತಾಲೂಕುಗಳಲ್ಲಿ ಅವರ ಸರಪಳಿ ಬೀಳದ ಹೊಲ ಕಡಿಮೆ. ಅಳೆಯದೆ ಯಾವುದನ್ನೂ ನಂಬಿದವರಲ್ಲ. ಅಂಗಡಿಯಲ್ಲಿ ಅಂಗಿ ಕೊಳ್ಳುವಾಗಲೂ ಜೇಬಿನಿಂದ ಟೇಪು ತೆಗೆಯುತ್ತಿದ್ದರು. ನಿವೃತ್ತಿಯ ದಿನ ಇಲಾಖೆಯವರು ಶಾಲು ಹೊದಿಸಿ ಒಂದು ಹಳೆಯ ಸರಪಳಿಯನ್ನೇ ಉಡುಗೊರೆ ಕೊಟ್ಟರು. ಅದನ್ನು ಅವರು ಷೋಕೇಸಿನಲ್ಲಿ, ಗಾಜಿನ ಹಿಂದೆ ಇಟ್ಟಿದ್ದರು.

ಸುಮನಬಾಯಿಯ ತಮ್ಮ ಕೈಲಾಶ ಭಾಲ್ಕಿಯ ಪಂಚಶೀಲ ಗಾಯನ ಮಂಡಳಿಯ ಕಾರ್ಯದರ್ಶಿ. ಮಂಡಳಿಗೆ ಈ ವರ್ಷ ಐವತ್ತು ತುಂಬಿತು. ಬುದ್ಧ ಪೂರ್ಣಿಮೆಯ ದಿನ ಭಾತಂಬ್ರಾದ ಶಾಲೆಯ ಪಡಸಾಲೆಯಲ್ಲಿ ಕಾರ್ಯಕ್ರಮ ಎಂದು ನಿಶ್ಚಯವಾಯಿತು. 1988ರಲ್ಲಿ ಅದೇ ಪಡಸಾಲೆಯಲ್ಲಿ ಮಂಡಳಿಯವರು ಸಂಜೆಯಿಂದ ನಾಲ್ಕು ತಾಸು ಎಡೆಬಿಡದೆ ಹಾಡಿದ್ದರು. ಮಂಡಳಿಯ ಹೆಸರು ಮೂರು ತಾಲೂಕಿಗೆ ಹಬ್ಬಿದ್ದು ಆ ದಿನದಿಂದ. ಅಂದಿನ ಫೋಟೋದ ನೆಗೆಟಿವ್‌ಗಳು ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಸಿಕ್ಕಿದ್ದವು. ಸಭೆಯಲ್ಲಿ ಒಬ್ಬರು, ಕಂಪ್ಯೂಟರ್ ಅಂಗಡಿಗೆ ಕೊಟ್ಟರೆ ಅರ್ಧ ತಾಸಿನಲ್ಲಿ ಆಗುತ್ತದೆ ಎಂದರು. ಇನ್ನೊಬ್ಬ ಹಿರಿಯರು, ಹಾಗೆ ಮಾಡಿದ್ದು ಉಳಿಯುವುದಿಲ್ಲ, ಹಳೆಯ ಪದ್ಧತಿಯಲ್ಲಿ ಕತ್ತಲೆ ಕೋಣೆಯಲ್ಲಿ ತೊಳೆದದ್ದೇ ನಿಜವಾದ ಫೋಟೋ ಎಂದರು. ಆದರೆ ಈಗ ಯಾರಿಗೆ ಬರುತ್ತದೆ?

ಕಾರ್ಯದರ್ಶಿಯ ಅಕ್ಕನ ಗಂಡ ಎಂಬ ಒಂದೇ ಅರ್ಹತೆಯಿಂದ ಕೊನೆಯ ಕುರ್ಚಿಯಲ್ಲಿ ಕೂತಿದ್ದ ಗೋರಖನಾಥರು ಎದ್ದು ನಿಂತರು.

"ನಮ್ಮ ಇಲಾಖೆದಾಗ ನಾ ಸಾವಿರ ನಕಾಶೆ ಛಾಪಿಸೀನಿ. ಈ ಕೆಲಸ ನನಗ ಹೊಸದಲ್ರಿ."

ಸಾವಿರ ಎಂಬುದು ನಿಜ. ಆದರೆ ಆ ನೀಲಿ ನಕಾಶೆಗಳನ್ನು ಅವರು ಛಾಪಿಸಿದ್ದು ಕಚೇರಿಯ ಮಾಳಿಗೆಯ ಮೇಲೆ, ಕಾಗದವನ್ನು ಸುಡುಬಿಸಿಲಿಗೆ ಹಿಡಿದು. ಕತ್ತಲೆಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅದನ್ನು ಹೇಳುವಷ್ಟರಲ್ಲಿ ಚಪ್ಪಾಳೆ ಬಿದ್ದುಬಿಟ್ಟಿತು. ಕೈಲಾಶ ಡಬ್ಬಿಯನ್ನು ಭಾವನ ಕೈಗಿಟ್ಟು, "ದಾಜಿ, ಹನ್ನೆರಡು ಫೋಟೋ ಸಾಕು" ಎಂದ. ಹಾಗೇ ಇನ್ನೊಂದು ಮಾತನ್ನೂ ಸೇರಿಸಿದ. ಅಂದು ಹಾಡಿದವರಲ್ಲಿ ಉಳಿದವರು ವೇದಿಕೆಯ ಮೇಲೆ ಕೂತು ಮತ್ತೆ ಒಂದು ಹಾಡು ಹೇಳಬೇಕು. ಅವರಲ್ಲಿ ಅಕ್ಕನೂ ಒಬ್ಬಳು; ಅವಳನ್ನು ಕೇಳಿದರೆ 'ಅವರನ್ನ ಕೇಳು' ಅಂದಳು. ಕಳಿಸುತ್ತೀರಾ?

ಗೋರಖನಾಥರು "ನೋಡೋಣ" ಎಂದರು. ಸರ್ವೇ ಕಚೇರಿಯಲ್ಲಿ ಈ ಮಾತಿನ ಆಯುಷ್ಯ ಆರು ವರ್ಷ.

ಹಳೇ ಬೀದರಿನಲ್ಲಿ ಅಬ್ದುಲ ಖಾದರ ಎಂಬವರ ಫೋಟೋ ಸ್ಟುಡಿಯೋ ಇತ್ತು. ಮುಚ್ಚಿ ಹದಿನೈದು ವರ್ಷವಾಗಿತ್ತು. ಅವರು ಫೋಟೋ ಹಿಗ್ಗಿಸುವ ಎನ್ಲಾರ್ಜರನ್ನು ಮಗಳ ಮದುವೆಯ ಸಾಮಾನಿನ ಹಾಗೆ ಬಟ್ಟೆ ಸುತ್ತಿ ಇಟ್ಟಿದ್ದರು. ಗೋರಖನಾಥರ ಕೈಗೆ ಅದನ್ನು ಕೊಡುವಾಗ ಎರಡು ಸಲ ವಾಪಸ್ ಎಳೆದುಕೊಂಡರು. ಕೊನೆಗೆ ಒಂದು ಚೀಟಿ ಬರೆದುಕೊಟ್ಟರು: ಮೊದಲ ತಟ್ಟೆಯಲ್ಲಿ ಚಿತ್ರ ಮೂಡಿಸುವ ಡೆವಲಪರ್, ಎರಡನೆಯದರಲ್ಲಿ ನೀರು, ಮೂರನೆಯದರಲ್ಲಿ ಮೂಡಿದ್ದನ್ನು ನಿಲ್ಲಿಸುವ ಹೈಪೋ. ಡೆವಲಪರಿನಲ್ಲಿ ಕಾಗದ ಸರಿಯಾಗಿ ಎರಡು ನಿಮಿಷ. "ಜಲ್ದಿ ಮಾಡಬ್ಯಾಡ್ರಿ ಸಾಬ್. ಮತ್ತ ತಡಾನೂ ಮಾಡಬ್ಯಾಡ್ರಿ" ಎಂದರು.

ಬಚ್ಚಲುಮನೆ ಡಾರ್ಕ್ ರೂಮ್ ಆಯಿತು. ಕಿಟಕಿಗೆ ಕಂಬಳಿ, ಬಾಗಿಲ ಸಂದಿಗೆ ಹಳೆಯ ಸೀರೆ, ಗೀಜರಿನ ಜಾಗದಲ್ಲಿ ಕೆಂಪು ಬಲ್ಬು. ಮೇ ತಿಂಗಳ ಸೆಖೆಗೆ ಡೆವಲಪರ್ ಚಹಾದಂತೆ ಬಿಸಿಯಾಗುತ್ತಿತ್ತು; ದಿನಾ ಶರಬತ್ತಿನ ಗಾಡಿಯವನಿಂದ ಒಂದು ಗಡ್ಡೆ ಬರ್ಫ ತರಬೇಕಾಯಿತು. ಸುಮನಬಾಯಿ ಸ್ನಾನಕ್ಕೆ ಪಕ್ಕದ ಮನೆಯ ಜನಾಬಾಯಿಯ ಬಚ್ಚಲಿಗೆ ಹೋಗತೊಡಗಿದರು. ಗಂಡಸು ದಿನವಿಡೀ ಬಚ್ಚಲಲ್ಲಿ, ಜೊತೆಗೆ ಬರ್ಫ, ಜೊತೆಗೆ ಘಾಟು ವಾಸನೆ. ಜನಾಬಾಯಿ ಏನನ್ನೂ ಹೇಳಲಿಲ್ಲ. ಗಲ್ಲಿಯ ಹದಿನಾಲ್ಕು ಮನೆಗೆ ಹೋಗಿ, ತಾನು ಏನನ್ನೂ ಹೇಳುವುದಿಲ್ಲ ಎಂದಷ್ಟೇ ಹೇಳಿ ಬಂದರು. ಪೊಲೀಸರ ಮಾತು ಹುಟ್ಟಿದ್ದು ಅಲ್ಲಿ.

ಎರಡು ನಿಮಿಷದ್ದೇ ದೊಡ್ಡ ತಾಪತ್ರಯ. ಕೆಂಪು ಬೆಳಕಿನಲ್ಲಿ, ಬೆವರಿಳಿದ ಕನ್ನಡಕದಲ್ಲಿ, ಗಡಿಯಾರದ ಮುಳ್ಳು ಕಾಣುತ್ತಿರಲಿಲ್ಲ. ಆದ್ದರಿಂದ ಸುಮನಬಾಯಿ ಬಾಗಿಲ ಹೊರಗೆ ಕೂತು ನೂರಿಪ್ಪತ್ತರವರೆಗೆ ಎಣಿಸಬೇಕು ಎಂದಾಯಿತು. ಅವರು ತೊಗರಿಬೇಳೆ ಆರಿಸುತ್ತ ಎಣಿಸಿದರು. ನಲವತ್ತಕ್ಕೆ ಜನಾಬಾಯಿ ಬಂದು ಮಾತಾಡಿ ಹೋದರು. ಸುಮನಬಾಯಿ ಪ್ರಾಮಾಣಿಕವಾಗಿ ನಲವತ್ತೊಂದರಿಂದ ಮುಂದುವರಿಸಿದರು. ಒಳಗೆ ಕಾಗದ ಹೊತ್ತು ಮೀರಿ ಕಪ್ಪು ಇದ್ದಿಲಾಯಿತು. ಗೋರಖನಾಥರು ಅವರನ್ನು ಆ ಕೆಲಸದಿಂದ ವಜಾ ಮಾಡಿ, ಒಂದು ಅಲಾರಾಂ ಗಡಿಯಾರ ತಂದುಕೊಂಡರು.

ನೆಗೆಟಿವ್‌ನಲ್ಲಿ ಯಾರೂ ಯಾರೆಂದು ಗೊತ್ತಾಗುವುದಿಲ್ಲ. ಎಲ್ಲರ ಮುಖ ಕಪ್ಪು, ಎಲ್ಲರ ಕೂದಲು ಬಿಳಿ. ಹುಡುಗಿಯರೆಲ್ಲ ಅಜ್ಜಿಯರಂತೆ ಕಾಣುತ್ತಾರೆ. ತಟ್ಟೆಯೊಳಗೆ ಕಾಗದದ ಮೇಲೆ ಮೊದಲ ಚಿತ್ರ ಮೆಲ್ಲಗೆ ಮೂಡಿದಾಗ, ಗೋರಖನಾಥರು ಒಂದು ಬಾಯಿಯನ್ನು ಕಂಡರು. ತೆರೆದ ಬಾಯಿ. ಆಮೇಲೆ ಹಲ್ಲು, ಮೂಗು, ಹಣೆ. ಹತ್ತೊಂಬತ್ತು ವರ್ಷದ ಹುಡುಗಿ ಕತ್ತೆತ್ತಿ ಹಾಡುತ್ತಿದ್ದಳು. ಚೆಲುವೆ, ಎಂದುಕೊಂಡರು. ಹೈಪೋದಲ್ಲಿ ಅದ್ದಿದ ಮೇಲೆ ಅದು ತಮ್ಮ ಹೆಂಡತಿ ಎಂದು ತಿಳಿಯಿತು.

ಮೊದಲಿಗೆ ಸಂತೋಷವೇ ಆಯಿತು. ಎರಡನೆಯದರಲ್ಲೂ ಸುಮನಬಾಯಿ. ಮೂರನೆಯದರಲ್ಲೂ. ನಾಲ್ಕು ದಿನದಲ್ಲಿ ಮೂವತ್ತಾರೂ ತೊಳೆದಾದ ಮೇಲೆ ಲೆಕ್ಕ ಹೀಗಿತ್ತು: ಮಂಡಳಿಯನ್ನು ಕಟ್ಟಿ ಬೆಳೆಸಿದ ಮುಖ್ಯ ಗಾಯಕಿ ಭಾಗೀರಥಿಬಾಯಿ ಎರಡರಲ್ಲಿ, ಅದರಲ್ಲಿ ಒಂದು ಬರೀ ಕಿವಿ. ಢೋಲಕಿನವನು ಒಂದರಲ್ಲಿ. ಇಡೀ ಮಂಡಳಿ ಮೂರರಲ್ಲಿ. ಏಳು ಬರೀ ಕತ್ತಲೆ. ಉಳಿದ ಇಪ್ಪತ್ತಮೂರರಲ್ಲಿ, ಹಿಂಬದಿಯಲ್ಲಿ ಕೂತು ತಾಳ ಹಾಕುತ್ತ ದನಿಗೂಡಿಸುತ್ತಿದ್ದ ಸುಮನಬಾಯಿ. ಇಪ್ಪತ್ತಮೂರರಲ್ಲೂ ಬಾಯಿ ತೆರೆದಿತ್ತು.

ಗೋರಖನಾಥರಿಗೆ ಚುಚ್ಚಿದ್ದು ಆ ಬಾಯಿ. ಮದುವೆಯಾಗಿ ಮೂವತ್ತೈದು ವರ್ಷ. ಆ ಮನೆಯಲ್ಲಿ ಕುಕ್ಕರು ಸೀಟಿ ಹೊಡೆದಷ್ಟೂ ಸುಮನಬಾಯಿ ಹಾಡಿರಲಿಲ್ಲ. ಮದುವೆಯ ಫೋಟೋದಲ್ಲಂತೂ ಪಂಚಾಯಿತಿ ನೋಟೀಸು ಕೈಗೆ ಬಂದವರಂತೆ ನಿಂತಿದ್ದಾರೆ. ಈ ಮುಖ ಯಾರಿಗಾಗಿ? ಡಬ್ಬಿಯನ್ನು ತಿರುಗಿಸಿ ನೋಡಿದರು. ತಳದಲ್ಲಿ ಒಂದು ಚೀಟಿ ಅಂಟಿಸಿತ್ತು: ದತ್ತಾತ್ರಿ, ಫೋಟೋಗ್ರಾಫರ್, ಔರಾದ.

ಅಂದು ಊಟಕ್ಕೆ ಕೂತಾಗ ಬಹಳ ಜಾಣತನದಿಂದ ವಿಚಾರಣೆ ಶುರುಮಾಡಿದರು. ಭಾತಂಬ್ರಾದ ಕಾರ್ಯಕ್ರಮಕ್ಕೆ ಯಾರ್ಯಾರು ಬಂದಿದ್ದರು ಎಂದರು. ಊರೆಲ್ಲ ಬಂದಿತ್ತು ಎಂದರು ಸುಮನಬಾಯಿ. ಬೇರೆ ಊರಿನವರು, ಅಂದರೆ ಉದಾಹರಣೆಗೆ, ಔರಾದಿನವರು?

"ಅದು ಯಾರಿಗೆ ನೆನಪದರಿ? ಫೋಟೋ ಬಂದ್ವೇನು? ನನಗೂ ತೋರಸ್ರಿ."

"ಇನ್ನೂ ಒಣಗಿಲ್ಲ."

ಮರುದಿನವೂ ಒಣಗಲಿಲ್ಲ. ಅದರ ಮರುದಿನವೂ ಇಲ್ಲ. ಬೀದರಿನ ಮೇ ತಿಂಗಳಲ್ಲಿ ಬಾವಿಯೂ ಒಣಗುತ್ತದೆ. ಗೋರಖನಾಥರ ಫೋಟೋ ಮಾತ್ರ ಒಣಗಲಿಲ್ಲ. ಜನಾಬಾಯಿ ಕಾಂಪೌಂಡಿನ ಮೇಲಿಂದ ಕೇಳಿಯೇ ಬಿಟ್ಟರು: "ಸಾಹೇಬ್ರ, ನನ್ನ ಸಂಡಿಗಿ ಎರಡು ತಾಸಿಗೆ ಒಣಗ್ತಾವ. ನಿಮ್ಮ ಫೋಟೋಕ್ಕ ಏನು ಬ್ಯಾನಿ?" ಆಗ ಫೋಟೋಗಳು ಠಾಣಾ ಕುಶನೂರ ಎಂಬ ಊರಿನ ಹಳೆಯ ನಕಾಶೆಗಳ ಕೆಳಗೆ, ಟ್ರಂಕಿನಲ್ಲಿ, ಬೀಗದೊಳಗೆ ಇದ್ದವು. ಕೈಲಾಶ ದಿನಾ ಫೋನು ಮಾಡಿ, ಅಕ್ಕ ಹಾಡುತ್ತಾಳೋ ಇಲ್ಲವೋ, ಆಮಂತ್ರಣ ಪತ್ರಿಕೆ ಛಾಪಿಸಬೇಕು ಎನ್ನುತ್ತಿದ್ದ. "ನೋಡೋಣ" ಎನ್ನುತ್ತಿದ್ದರು.

ಮೂರನೆಯ ದಿನ, ಒಂದು ಫೋಟೋವನ್ನು ಅಂಗಿಯೊಳಗೆ ಇಟ್ಟುಕೊಂಡು ಔರಾದಿನ ಬಸ್ಸು ಹತ್ತಿದರು.

ದತ್ತಾತ್ರಿಗೆ ಎಪ್ಪತ್ತು ದಾಟಿತ್ತು. ಬಸ್ ಸ್ಟ್ಯಾಂಡಿನ ಹಿಂದೆ ಫೋಟೋಗಳಿಗೆ ಕಟ್ಟು ಹಾಕುವ ಸಣ್ಣ ಅಂಗಡಿ. ಕಣ್ಣಿಗೆ ದಪ್ಪ ಕನ್ನಡಕ, ಕಾಲಿಗೆ ಈ ಬಿಸಿಲಿನಲ್ಲೂ ಬೂದುಬಣ್ಣದ ಸಾಕ್ಸು. ಗೋರಖನಾಥರು ಇವನೇನು ಮಹಾ ಎಂಬ ಸಮಾಧಾನವನ್ನೂ, ಮೂವತ್ತೇಳು ವರ್ಷದ ಹಿಂದೆ ಹೇಗಿದ್ದನೋ ಎಂಬ ಸಂಕಟವನ್ನೂ ಒಟ್ಟಿಗೇ ಅನುಭವಿಸುತ್ತ ಫೋಟೋ ಮುಂದಿಟ್ಟರು. ದತ್ತಾತ್ರಿ ಅದನ್ನು ಬೆಳಕಿಗೆ ಹಿಡಿದು, ಓರೆಯಾಗಿಸಿ, ಕೊನೆಗೆ ಮೂಸಿಯೂ ನೋಡಿದರು.

"ಪ್ರಿಂಟ್ ಯಾರು ಮಾಡ್ಯಾರ?"

"ನಾನೇ."

"ಕಪ್ಪು ಚಲೋ ಬಂದದ. ಹೈಪೋ ಸರಿ ತೊಳದಿಲ್ಲ."

"ಅದಿರಲಿ. ಈ ಹೆಣ್ಣುಮಗಳು?"

"ಯಾವ ಹೆಣ್ಣುಮಗಳು?"

"ಈ ಫೋಟೋದಾಗ ಇದ್ದವರು."

ದತ್ತಾತ್ರಿ ಮತ್ತೊಮ್ಮೆ ನೋಡಿದರು. "ಫೋಕಸ್ ಬರೋಬ್ಬರಿ ಅದ" ಎಂದರು.

ಗೋರಖನಾಥರಿಗೆ ಮೈಯೆಲ್ಲ ಉರಿಯಿತು. ಇವನು ಚೆಲುವೆ ಎಂದಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು. ಇಪ್ಪತ್ತಮೂರು ಸಲ ನೋಡಿಯೂ ಒಂದು ಮಾತು ಹೊಗಳದವನ ಮೇಲೆ ಯಾವ ಜಗಳ ತೆಗೆಯುವುದು? ಮೂವತ್ತಾರರಲ್ಲಿ ಇಪ್ಪತ್ತಮೂರು ಇವರದೇ ಯಾಕೆ ಎಂದು ನೇರವಾಗಿ ಕೇಳಿದರು.

"ಫ್ಲ್ಯಾಶ್ ಕೈಕೊಟ್ಟಿತ್ರಿ ಸಾಹೇಬ್ರ. ಇಡೀ ಪಡಸಾಲಿಗಿ ಒಂದೇ ಬಲ್ಬು. ಅದು ಇವರ ತಲಿ ಮ್ಯಾಲ ಇತ್ತು. ಫೋಟೋಕ್ಕ ಬೆಳಕು ಬೇಕು. ಅಲ್ಲಿ ಎಮ್ಮಿ ಕುಂತಿದ್ರ ಎಮ್ಮಿ ಫೋಟೋ ಬರ್ತಿತ್ತು."

ಎಮ್ಮೆಯ ಮಾತಿಗೆ ಸಿಟ್ಟು ಬಂದರೂ, ಬಸ್ಸಿನಲ್ಲಿ ಕೂತ ಮೇಲೆ ಎದೆ ಹಗುರಾಯಿತು. ಬೆಳಕು ಅಲ್ಲಿತ್ತು, ಫೋಟೋ ಅಲ್ಲಿಯದು ಬಂತು. ಸಂತಪೂರದವರೆಗೂ ಕಿಟಕಿಗೆ ಮುಖವೊಡ್ಡಿ ನಗುತ್ತ ಬಂದರು. ಸಂತಪೂರದಲ್ಲಿ ಬಸ್ಸು ನಿಂತಿತು. ಚಹಾದ ಲೋಟ ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು. ಸರ್ವೇಯರನ ಬುದ್ಧಿ ಎದ್ದು ಕೂತಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ರೈತರು, 'ಸಾಹೇಬ್ರ, ಗಡಿಗಲ್ಲು ಮೊದಲಿಂದ ಅಲ್ಲೇ ಅದ' ಎಂದು ಹೇಳಿರಲಿಲ್ಲ? ಕಲ್ಲು ತಾನೇ ನಡೆದು ಬರುತ್ತದೆಯೇ? ಬಲ್ಬು ತಾನೇ ಹಾರಿ ಹೋಗಿ ಹಿಂಬದಿಯಲ್ಲಿ ಕೂತವಳ ತಲೆಯ ಮೇಲೆ ನಿಲ್ಲುತ್ತದೆಯೇ? ಅದನ್ನು ಅಲ್ಲಿ ಕಟ್ಟಿದವರು ಯಾರು?

ಇದಕ್ಕೆ ಸ್ಥಳ ತನಿಖೆ ಆಗಲೇಬೇಕು. ಮರುದಿನ ಷೋಕೇಸಿನಿಂದ ಸರಪಳಿ ಹೊರಬಂತು.

ವೇದಿಕೆ ಅಳೆಯಲು ಬರುತ್ತೇನೆಂದು ಕೈಲಾಶನ ಮೂಲಕ ಹೇಳಿಕಳಿಸಿದ್ದರಿಂದ, ಭಾತಂಬ್ರಾದ ಶಾಲೆಯ ಮುಖ್ಯ ಶಿಕ್ಷಕಿ ಕರುಣಾ ರಜೆಯಲ್ಲೂ ಬಂದು ಬೀಗ ತೆಗೆದು ಕೂತಿದ್ದರು. ಗೋರಖನಾಥರು ಸರಪಳಿ ಬಿಚ್ಚಿದ ಝಣಝಣ ಸದ್ದು ಮೊದಲು ಮುಟ್ಟಿದ್ದು ಬಕ್ಕಪ್ಪನ ಕಿವಿಗೆ. ಬಕ್ಕಪ್ಪ ಕುರಿ ಸಾಕುವವ. ಅವನ ಕುರಿದೊಡ್ಡಿಯ ಗೋಡೆ ಶಾಲೆಯ ಜಾಗದೊಳಗೆ ನಾಲ್ಕು ಅಡಿ ಬಂದಿತ್ತು. ಅದನ್ನು ತೆಗೆಸಲು ಕರುಣಾ ಮೂರು ವರ್ಷದಿಂದ ಅರ್ಜಿ ಬರೆಯುತ್ತಿದ್ದರು. ಸರಪಳಿಯ ಸದ್ದು ಕೇಳಿದ್ದೇ ಬಕ್ಕಪ್ಪ ಓಡಿ ಬಂದು, ಸಾಹೇಬರ ಮುಖ ನೋಡಿ, ವಾಪಸ್ ಓಡಿಹೋಗಿ ಗೋಡೆಯ ಮೇಲಿನ ಸಾಲಿನ ಕಲ್ಲು ಕೀಳತೊಡಗಿದ. ಇತ್ತ ಗೋರಖನಾಥರು ಕಂಬದಿಂದ ಕಂಬಕ್ಕೆ ಅಳೆದು ನಕಾಶೆಯಲ್ಲಿ ಒಂದು ಗೆರೆ ಎಳೆದರು. ಅತ್ತ ಇನ್ನೊಂದು ಸಾಲು ಬಿತ್ತು. ಅರ್ಧ ತಾಸಿನಲ್ಲಿ, ಯಾರೂ ಒಂದು ಮಾತು ಆಡದೆಯೇ, ಒತ್ತುವರಿ ತೆರವಾಯಿತು. ಕರುಣಾಗೆ ಕಣ್ಣಲ್ಲಿ ನೀರು ಬಂತು. ಇಂಥ ಪ್ರಾಮಾಣಿಕ ಅಧಿಕಾರಿಗಳು ಈಗ ಎಲ್ಲಿದ್ದಾರೆ ಎಂದು ಸದ್ದಿಗೆ ಬಂದು ಕೂಡಿದ ಇಬ್ಬರು ಹಿರಿಯರಿಗೆ ಹೇಳಿ, ಎಲ್ಲರಿಗೂ ಚಹಾ ತರಿಸಿದರು.

ಗೋರಖನಾಥರಿಗೆ ಗೋಡೆ ಬಿದ್ದದ್ದೂ ಗೊತ್ತಾಗಲಿಲ್ಲ. ಅವರು ಕತ್ತೆತ್ತಿ ತೊಲೆ ನೋಡುತ್ತಿದ್ದರು. ತೊಲೆಯಲ್ಲಿ ಮೂರು ಕಬ್ಬಿಣದ ಕೊಂಡಿಗಳಿದ್ದವು. ನಡುವಿನ ಕೊಂಡಿ ಎಷ್ಟೋ ವರ್ಷದ ಬಳಕೆಯಿಂದ ಸವೆದು ತೆಳ್ಳಗಾಗಿತ್ತು. ಎಡಗಡೆಯದು ಸವೆದೇ ಇರಲಿಲ್ಲ. ಅದರ ಕುತ್ತಿಗೆಗೆ ಒಂದೇ ಒಂದು ಸುತ್ತು ಹಳೆಯ ತಾಮ್ರದ ತಂತಿ ಇನ್ನೂ ಅಂಟಿಕೊಂಡಿತ್ತು. ಫೋಟೋದಲ್ಲಿ ಸುಮನಬಾಯಿ ಎಡಗಂಬದಿಂದ ನಾಲ್ಕೂವರೆ ಅಡಿ. ಮೂಗಿನ ನೆರಳು ನೇರ ಕೆಳಗೆ, ತುಟಿಯ ಮೇಲೆ. ಟೇಪಿಗೆ ಕಲ್ಲು ಕಟ್ಟಿ ಎಡಗಡೆಯ ಕೊಂಡಿಯಿಂದ ಇಳಿಬಿಟ್ಟರು. ಕಲ್ಲು ಕಂಬದಿಂದ ನಾಲ್ಕೂವರೆ ಅಡಿಗೇ ಬಂದು ನಿಂತಿತು.

"1988ರಾಗ ಇಲ್ಲಿ ಬಲ್ಬು ಕಟ್ಟಿದವರು ಯಾರು?" ಎಂದು ಕೂಡಿದವರನ್ನೆಲ್ಲ ಕೇಳಿದರು. ಗೋಡೆಗೂ ಬಲ್ಬಿಗೂ ಏನು ಸಂಬಂಧವೆಂದು ಯಾರಿಗೂ ತಿಳಿಯದಿದ್ದರೂ, ಇಲಾಖೆಯ ಪ್ರಶ್ನೆ ಎಂದು ಗಂಭೀರವಾಗಿ ಯೋಚಿಸಿದರು. ಮೈಯೆಲ್ಲ ಧೂಳಾಗಿದ್ದ ಬಕ್ಕಪ್ಪ ಕೈಯೆತ್ತಿದ.

"ಏಣಿ ಹಿಡದವ ನಾನೇ ಅಲ್ಲೇನ್ರಿ. ಮೊದಲ ನಡುವಿನ ಕೊಂಡಿಗೇ ಇತ್ತು. ಯಾರೋ ಬಂದು ತಗದು ಈ ಕಡಿಗಿ ಕಟ್ಟಿದ್ರು."

"ಯಾರೋ ಅಂದ್ರ?"

"ಮಾರಿ ನೋಡಲಿಲ್ರಿ. ಏಣಿ ಹಿಡದವ ಮ್ಯಾಲ ನೋಡಿದ್ರ ಕಣ್ಣಾಗ ಧೂಳ ಬೀಳ್ತದ. ಕಾಲು ನೋಡೇನಿ."

"ಕಾಲು ಹ್ಯಾಂಗಿತ್ತು?"

"ಬರಿಗಾಲು. ಹೆಬ್ಬಟ್ಟಿನ ಬಾಜುದ ಬಟ್ಟು ಹೆಬ್ಬಟ್ಟಿಗಿಂತ ಉದ್ದ ಇತ್ತು. ಅದೊಂದು ನೆನಪದ."

ಗೋರಖನಾಥರು ಅಲ್ಲೇ ಕೂತು ಪಂಚನಾಮೆ ಬರೆದರು. ಇಬ್ಬರು ಹಿರಿಯರು ಪಂಚರಾಗಿ ಸಹಿ ಹಾಕಿದರು. ಕರುಣಾ, ತಮ್ಮ ಗೋಡೆಯ ವಿಷಯ ಇತ್ಯರ್ಥವಾಯಿತೆಂಬ ಸಂತೋಷದಲ್ಲಿ, ಓದದೆಯೇ ಶಾಲೆಯ ಮೊಹರು ಒತ್ತಿದರು. ಮೂವತ್ತೇಳು ವರ್ಷದ ಹಿಂದಿನ ಒಂದು ಕಾಲ್ಬೆರಳಿಗೆ ಸರ್ಕಾರಿ ಶಾಲೆಯ ಮೊಹರು ಬಿದ್ದದ್ದು ಈ ಜಿಲ್ಲೆಯಲ್ಲಿ ಇದೊಂದೇ ಸಲ ಇರಬೇಕು; ಖಚಿತವಾಗಿ ಹೇಳಲಾರೆ.

ಸಂಜೆ ಬೀದರಿಗೆ ಬಂದು ಬಾಗಿಲು ತೆರೆದಾಗ ಗೋರಖನಾಥರ ಕಾಲು ಹೊಸ್ತಿಲಲ್ಲೇ ಉಳಿಯಿತು. ಅಂಗಳದ ಬಟ್ಟೆಯ ಹಗ್ಗದ ಮೇಲೆ, ಕ್ಲಿಪ್ಪು ಹಾಕಿ, ಸಾಲಾಗಿ ಇಪ್ಪತ್ತೆರಡು ಸುಮನಬಾಯಿಯರು ಬಾಯಿ ತೆರೆದು ತೂಗಾಡುತ್ತಿದ್ದರು. ಇಪ್ಪತ್ತಮೂರನೆಯದು ಇನ್ನೂ ಅವರ ಅಂಗಿಯೊಳಗೇ ಇತ್ತು. ಕೆಳಗೆ, ಬೇಳೆಯ ಮೊರ ಮಡಿಲಲ್ಲಿಟ್ಟುಕೊಂಡು, ಬಾಯಿ ಮುಚ್ಚಿ ಕೂತ ಸುಮನಬಾಯಿ.

"ಒಣಗ್ಯಾವರಿ" ಎಂದರು.

ಟ್ರಂಕಿನ ಬೀಗದ ಕೈ ಎಲ್ಲಿರುತ್ತದೆಂದು ಮೂವತ್ತೈದು ವರ್ಷದಿಂದ ಅವರಿಗೆ ಗೊತ್ತಿತ್ತು. ಗೋರಖನಾಥರು ಪಂಚನಾಮೆಯ ಕಾಗದವನ್ನು ಬೆನ್ನ ಹಿಂದೆ ಹಿಡಿದು ಆರೋಪವನ್ನೇ ಹೊರಹಾಕಿದರು.

"ಅಲ್ಲಿ ಇಷ್ಟು ಬಾಯಿ ತೆರದು ಹಾಡೀದಿ. ಈ ಮನ್ಯಾಗ ಒಂದು ದಿನಾನೂ ಹಾಡಲಿಲ್ಲ."

"ಹಾಡೀನಿ. ಮದುವಿ ಆಗಿ ಎಂಟನೇ ದಿನ. ನೀವು ಠಾಣಾ ಕುಶನೂರದ ನಕಾಶೆ ಹರವಿಕೊಂಡು ಕುಂತಿದ್ರಿ. 'ಸ್ವಲ್ಪ ತಡಿ, ಎಣಿಕಿ ತಪ್ಪತದ' ಅಂದ್ರಿ."

"ಮತ್ತ?"

"ತಡದೆ."

ಗೋರಖನಾಥರು ಹಗ್ಗದ ಮೇಲಿನ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಆಮೇಲೂ, ಮನುಷ್ಯ ಸ್ವಭಾವ ಸುಮ್ಮನಿರಲಿಲ್ಲ, ಎದುರಿಗೆ ಯಾರು ನಿಂತಿದ್ದರು ಎಂದು ಕೇಳಿದರು. ಬಲ್ಬು ಕಣ್ಣಿಗೆ ಹೊಡೆಯುತ್ತಿತ್ತು, ಎದುರಿಗೆ ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ ಎಂದರು ಸುಮನಬಾಯಿ. ಅದನ್ನು ಪಂಚನಾಮೆಯಲ್ಲಿ ಎಲ್ಲಿ ಸೇರಿಸಬೇಕೆಂದು ಗೋರಖನಾಥರಿಗೆ ತಿಳಿಯಲಿಲ್ಲ.

ಭಾಗೀರಥಿಬಾಯಿಯ ಮುಖವಿದ್ದ ಒಂದೇ ಫೋಟೋ ಇದ್ದಿಲಾಗಿ ಹೋಗಿತ್ತು. ಅದನ್ನು ಮತ್ತೆ ಮಾಡಬೇಕಿತ್ತು. ಅಲಾರಾಂ ಗಡಿಯಾರ ಡೆವಲಪರಿನಲ್ಲಿ ಬಿದ್ದು ಆಗಲೇ ಸತ್ತಿತ್ತು. ಗೋರಖನಾಥರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಕಾಗದವನ್ನು ತಟ್ಟೆಗೆ ಇಳಿಸಿ, ಸಣ್ಣ ದನಿಯಲ್ಲಿ ಎಣಿಸುತ್ತೀಯಾ ಎಂದು ಕೇಳಿದರು.

"ಎಷ್ಟು ಹೊತ್ರಿ?"

"ಎರಡು ನಿಮಿಷ."

"ಒಂದು ನುಡಿ, ಎರಡು ಪಲ್ಲವಿ" ಎಂದರು ಸುಮನಬಾಯಿ. ಬಾಗಿಲ ಆಚೆಯಿಂದ ಹಾಡು ಬಂತು.

ದನಿ ಮೊದಲು ತಡವರಿಸಿತು. ಸಂದಿಗೆ ತುರುಕಿದ ಸೀರೆಯನ್ನು ದಾಟಿಕೊಂಡು ಬರಬೇಕಿತ್ತಲ್ಲ. ಎರಡನೆಯ ಪಲ್ಲವಿಯ ಹೊತ್ತಿಗೆ ಪಕ್ಕದ ಮನೆಯಲ್ಲಿ ಜನಾಬಾಯಿಯ ಮಿಕ್ಸರು ನಿಂತಿತ್ತು. ಹಾಡು ಮುಗಿದಾಗ ಗೋರಖನಾಥರು ಕಾಗದ ಎತ್ತಿದರು. ಮೂವತ್ತಾರರಲ್ಲಿ ಅಂಥ ಪ್ರಿಂಟು ಒಂದೂ ಬಂದಿರಲಿಲ್ಲ. ಎಣಿಕೆ ತಪ್ಪಿರಲಿಲ್ಲ.

ಆದರೆ ಹೊಟ್ಟೆಕಿಚ್ಚು ಆರಿತೆಂದು ಯಾರೂ ತಿಳಿಯಬಾರದು. ಕೆಂಪು ಬೆಳಕಿನಲ್ಲಿ ನಿಂತು ಅವರು ಲೆಕ್ಕ ಹಾಕಿದರು: ತನಗೆ ಎರಡು ನಿಮಿಷ, ಭಾತಂಬ್ರಾಕ್ಕೆ ನಾಲ್ಕು ತಾಸು. ಮೊದಲು ಒಬ್ಬ ಫೋಟೋಗ್ರಾಫರನ ಮೇಲಿದ್ದ ಹೊಟ್ಟೆಕಿಚ್ಚು ಈಗ ಮಕ್ಕಳುಮರಿ ಸಮೇತ ಇಡೀ ಊರಿನ ಮೇಲೆ ಹರಡಿತು. ಅದೇ ಉರಿಯಲ್ಲಿ ಕೈಲಾಶನಿಗೆ ಫೋನು ಮಾಡಿ, ಪತ್ರಿಕೆಯಲ್ಲಿ ಅಕ್ಕನ ಹೆಸರು ಹಾಕಿಸು ಎಂದರು.

ಬುದ್ಧ ಪೂರ್ಣಿಮೆಯ ಸಂಜೆ ಭಾತಂಬ್ರಾದ ಪಡಸಾಲೆಯಲ್ಲಿ ಹನ್ನೆರಡು ಫೋಟೋ ತೂಗುಹಾಕಿದ್ದರು. ಬುದ್ಧನ ಮೂರ್ತಿಗೂ ಬಾಬಾಸಾಹೇಬರ ಭಾವಚಿತ್ರಕ್ಕೂ ಹೂವಿಡಲು ಮೆಟ್ಟಿಲೇರುವವರೆಲ್ಲ ಚಪ್ಪಲಿ ಬಿಟ್ಟು ಬರುತ್ತಿದ್ದರು. ಬರಿಗಾಲು. ಇಂಥ ಅವಕಾಶ ಮತ್ತೆ ಸಿಗುವುದಿಲ್ಲವೆಂದು ಗೋರಖನಾಥರು ಮೆಟ್ಟಿಲ ಹತ್ತಿರ ನಿಂತು, ಸೊಂಟ ಬಗ್ಗಿಸಿ, ಐವತ್ತು ದಾಟಿದ ಪ್ರತಿ ಗಂಡಸಿನ ಪಾದ ನೋಡತೊಡಗಿದರು. ಮೊದಲನೆಯವರು, ಇವರು ನಮಸ್ಕಾರಕ್ಕೆ ಬಗ್ಗಿದರೆಂದು ತಿಳಿದು ತಲೆಯ ಮೇಲೆ ಕೈಯಿಟ್ಟು ಜೈ ಭೀಮ ಎಂದರು. ಇನ್ನು ಮುಟ್ಟದಿದ್ದರೆ ಚೆನ್ನಾಗಿರುವುದಿಲ್ಲ. ಮುಟ್ಟಿದರು. ಎರಡನೆಯವರದೂ ಮುಟ್ಟಿದರು. ಸುದ್ದಿ ಹಬ್ಬಿ, ಹೆಂಗಸರೂ ಅವರ ಮುಂದೆ ಬಂದು ಆಶೀರ್ವಾದ ಮಾಡಲು ಸಾಲು ನಿಂತರು. ಎಂಬತ್ತೈದರ ಭಾಗೀರಥಿಬಾಯಿ, ಸರ್ಕಾರಿ ನೌಕರಿ ಮಾಡಿದವರಲ್ಲಿ ಇಂಥ ವಿನಯ ತಾನು ನೋಡಿಲ್ಲವೆಂದು ಮೈಕಿನಲ್ಲೇ ಹೇಳಿದರು. ಬಕ್ಕಪ್ಪನೂ ಬಂದು ಕಾಲು ಮುಂದೆ ಚಾಚಿದ.

ಒಟ್ಟು ಐವತ್ತೆರಡು ಜೋಡಿ ಪಾದ. ಎರಡನೆಯ ಬೆರಳು ಉದ್ದವಿದ್ದವರು ಹತ್ತೊಂಬತ್ತು ಮಂದಿ. ಅದರಲ್ಲಿ ಕೈಲಾಶನೂ ಒಬ್ಬ, ಭಾಗೀರಥಿಬಾಯಿಯೂ ಒಬ್ಬರು.

ದತ್ತಾತ್ರಿ ತಡವಾಗಿ ಬಂದರು. ಚಪ್ಪಲಿ ಬಿಟ್ಟರು. ಸಾಕ್ಸು ಬಿಡಲಿಲ್ಲ. ಗೋರಖನಾಥರು ಬಗ್ಗಿದವರು ಬಗ್ಗಿದಂತೆಯೇ, ಭಗವಂತನ ಮುಂದಾದರೂ ಬಿಚ್ಚಬಹುದಿತ್ತು ಎಂದು ಸೂಚಿಸಿದರು. ತನಗೆ ಸಕ್ಕರೆ ಕಾಯಿಲೆ, ಬರಿಗಾಲಲ್ಲಿ ನಡೆಯಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಹೇಳಿ ದತ್ತಾತ್ರಿ ಮೆಟ್ಟಿಲು ಹತ್ತಿಹೋದರು.

ಹಳೆಯ ಗಾಯಕರು ಜಾಗ ಹಿಡಿಯುವಷ್ಟರಲ್ಲಿ ಕರೆಂಟು ಹೋಯಿತು. ಶಾಮಿಯಾನದವರ ಜನರೇಟರು ಮೈಕಿಗೂ ಒಂದೇ ಒಂದು ಬಲ್ಬಿಗೂ ಸಾಕಾಗುವಷ್ಟಿತ್ತು. ಕೈಲಾಶ, ಏಣಿ ತನ್ನಿ, ನಡುವಿನ ಕೊಂಡಿಗೆ ಕಟ್ಟಿ ಎಂದು ಕೂಗಿದ. ಬಕ್ಕಪ್ಪ ಏಣಿ ತಂದು ಹಿಡಿದ. ಯಾರು ಹತ್ತುವುದೆಂದು ಉಳಿದವರು ಒಬ್ಬರ ಮುಖ ಒಬ್ಬರು ನೋಡುವಾಗ, ಬಲ್ಬು ಹಿಡಿದುಕೊಂಡು ಗೋರಖನಾಥರು ಹತ್ತಿಬಿಟ್ಟಿದ್ದರು. ಕೆಳಗೆ ಸುಮನಬಾಯಿ ಅದೇ ಜಾಗದಲ್ಲಿ, ಎಡಗಂಬದಿಂದ ನಾಲ್ಕೂವರೆ ಅಡಿಗೆ, ತಾಳ ಹಿಡಿದು ಕೂತಿದ್ದರು. ಅವರನ್ನು ಯಾರೂ ಅಲ್ಲಿ ಕೂರಿಸಿರಲಿಲ್ಲ.

"ಸಾಹೇಬ್ರ, ಅದು ಎಡಗಡಿದು. ನಡುವಿನದಕ್ಕ ಅಂದಾರ."

"ಏಣಿ ಹಿಡಿ. ಫೋಟೋಕ್ಕ ಬೆಳಕು ಬೇಕು."

ಯಾರೂ ಫೋಟೋದ ಮಾತೆತ್ತಿರಲಿಲ್ಲ. ಬಲ್ಬು ಹತ್ತಿತು. ಭಾಗೀರಥಿಬಾಯಿ, ಢೋಲಕು, ಹಾರ್ಮೋನಿಯಂ ಎಲ್ಲ ಅರೆಗತ್ತಲೆಯಲ್ಲಿ ಉಳಿದು, ಹಿಂಬದಿಯ ಸುಮನಬಾಯಿಯ ಮೇಲೆ ಬೆಳಕು ಸುರಿಯಿತು. ಅವರು ಕಣ್ಣು ಕಿರಿದು ಮಾಡಿದರು, ಕತ್ತೆತ್ತಿದರು, ಬಾಯಿ ತೆರೆದರು. ಗೋರಖನಾಥರು ಇಳಿಯುವುದನ್ನು ಮರೆತು ಏಣಿಯ ಮೇಲೆಯೇ ನಿಂತರು. ಹಾಡು ಮುಗಿಯುವವರೆಗೂ ನಿಂತಿದ್ದರು. ಎಷ್ಟು ನಿಮಿಷವೆಂದು ಅವರು ಎಣಿಸಲಿಲ್ಲ.

ಚಪ್ಪಾಳೆಯ ನಡುವೆ ಕೆಳಗಿನಿಂದ ಬಕ್ಕಪ್ಪನ ದನಿ ಬಂತು. "ಸಾಹೇಬ್ರ, ನಿಮ್ಮ ಬಟ್ಟೂ ಉದ್ದ ಅದ ನೋಡ್ರಿ."

ಐವತ್ತೆರಡು ಜೋಡಿ ನೋಡಿದವರು ತಮ್ಮ ಪಾದವೊಂದನ್ನು ನೋಡಿಕೊಂಡಿರಲಿಲ್ಲ. ಮನೆಗೆ ಬಂದು ಉದ್ದ ಬೆರಳಿನವರ ಪಟ್ಟಿಯಲ್ಲಿ ಇಪ್ಪತ್ತನೆಯ ಹೆಸರಾಗಿ ತಮ್ಮದನ್ನು ಬರೆದರು. 1988ರಲ್ಲಿ ತಾವು ಇನ್ನೂ ಸುಮನಬಾಯಿಯನ್ನು ನೋಡಿಯೇ ಇರಲಿಲ್ಲ, ಠಾಣಾ ಕುಶನೂರದ ಹೊಲಗಳಲ್ಲಿದ್ದರು ಎಂಬುದು ನೆನಪಾಗಿ, ಬಹಳ ಬೇಸರದಿಂದ ಅದರ ಮೇಲೆ ಅಡ್ಡಗೆರೆ ಎಳೆದರು.

ಅಂದು ಮೊಬೈಲುಗಳಲ್ಲಿ ತೆಗೆದ ಫೋಟೋಗಳಲ್ಲಿ ಮುಕ್ಕಾಲು ಪಾಲು ಸುಮನಬಾಯಿಯವು. ಅದಕ್ಕೆ ಕಾರಣ ನನಗೆ ಗೊತ್ತು. 1988ರಲ್ಲಿ ನಡುವಿನ ಕೊಂಡಿಯಿಂದ ಬಲ್ಬು ತೆಗೆದು ಎಡಗಡೆಗೆ ಕಟ್ಟಿದವರು ಯಾರು, ಯಾಕೆ ಕಟ್ಟಿದರು ಎಂಬುದು ನನಗೆ ಗೊತ್ತಿಲ್ಲ. ಗೋರಖನಾಥರಿಗೂ ಗೊತ್ತಾಗಿಲ್ಲ. ತಿಂಗಳಿಗೊಮ್ಮೆ ಯಾವುದಾದರೂ ಫೋಟೋಕ್ಕೆ ಕಟ್ಟು ಹಾಕಿಸುವ ನೆಪದಲ್ಲಿ ಔರಾದಿಗೆ ಹೋಗಿ ಬರುತ್ತಾರೆ. ದತ್ತಾತ್ರಿ ಇನ್ನೂ ಸಾಕ್ಸು ಬಿಚ್ಚಿಲ್ಲ.